ದಫ್ತರದಿಂದ ಕೊಳಗಕ್ಕೆ: ಶಾಂತವೇರಿ ಗೋಪಾಲಗೌಡರ ಬದುಕು

ಶಾಂತವೇರಿ ಗೋಪಾಲಗೌಡರನ್ನು ನಾವು ಸಮಾಜವಾದಿ ನಾಯಕರೆಂದೇ ಗುರುತಿಸುತ್ತ ಬಂದಿದ್ದೇವೆ. ಇದರಿಂದಾಗಿ ಅವರ ಬದುಕಿನಲ್ಲಿ 1942ಕ್ಕೆ ಇರುವ ಸ್ಥಾನ ಮಸುಕಾಗುತ್ತದೆ.

ತೀರ್ಥಹಳ್ಳಿ ತಾಲ್ಲೂಕಿನ ಆರಗದ ಬಳಿಯ ಶಾಂತವೇರಿಯ ಬಡ ಕುಟುಂಬವೊಂದರಲ್ಲಿ 1923ರ ಮಾರ್ಚ್ 14ರಂದು ಜನಿಸಿದ ಅವರು ವಿದ್ಯಾರ್ಥಿಯಾಗಿದ್ದಾಗಲೇ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಸೆರೆಮನೆ ಕಂಡರು. ಎರಡನೆಯ ಮಹಾಯುದ್ಧದ ಆ ದಿನಗಳಲ್ಲಿ ಮೈಸೂರು ಸಂಸ್ಥಾನದ ರೈತನಿಗೆ ಆಳ್ವಿಕೆಯೆಂದರೆ ಬಿಳಿಯ ಅಧಿಕಾರಿಯಲ್ಲ. ಪಟೇಲ, ಶಾನುಭೋಗ, ಅಮಲ್ದಾರ. ಅದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ಇದನ್ನು ಚೆನ್ನಾಗಿ ಅರಿತಿದ್ದರು. ಗ್ರಾಮಾಧಿಕಾರಿಗಳಿಂದ ಕಂದಾಯದ ದಫ್ತರವನ್ನು ಕಿತ್ತುಕೊಂಡು, ಊರು ಸ್ವತಂತ್ರವಾಯಿತೆಂದು ಸಾರಿ, ಬಾಲಕನೊಬ್ಬನನ್ನು ತಮ್ಮ ಅಮಲ್ದಾರನನ್ನಾಗಿ ಮಾಡಿಕೊಂಡರು. ಇದನ್ನು ಹುಡುಗಾಟವೆಂದು ತಳ್ಳಿಹಾಕಲಾಗದು. ಆಳ್ವಿಕೆಯ ಬೇರು ಲೆಕ್ಕದ ಪುಸ್ತಕದಲ್ಲಿದೆಯೆಂಬ ತಿಳಿವಳಿಕೆ ಅದರ ಹಿಂದಿತ್ತು. ಸೆಪ್ಟೆಂಬರ್ 28ರಂದು ಸರ್ಕಾರದ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಪೊಲೀಸರೊಡನೆ ಬಂದಾಗ ಘರ್ಷಣೆ ನಡೆದು ಅವರಿಬ್ಬರೂ ಹತರಾದರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ ಈ ಐವರನ್ನು ಗಲ್ಲಿಗೇರಿಸಲಾಯಿತು. ಗಲ್ಲಿಗೇರಿಸಿದ್ದು ಮೈಸೂರು ಸರ್ಕಾರವೆಂಬುದನ್ನು ಮರೆಯುವಂತಿಲ್ಲ.

ಗೋಪಾಲಗೌಡರು ಈಸೂರಿನ ಹೋರಾಟಗಾರರಲ್ಲ. ಆದರೆ ರೈತನ ಬೆಳೆಯ ಲೆಕ್ಕವನ್ನು ಇಡುವವರು ಯಾರೆಂಬ ಈಸೂರಿನ ಪ್ರಶ್ನೆಯೇ 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಬೇರೆ ರೂಪದಲ್ಲಿ ಅವರೆದುರು ನಿಂತಿತು. ಸಾಗರ, ಸೊರಬ ಸೀಮೆಯಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದ ದೀವರ ಗೇಣಿದಾರರ ತಕರಾರು ಮೇಲುನೋಟಕ್ಕೆ ಚಿಕ್ಕದು: ಗೇಣಿಯ ಭತ್ತ ಅಳೆಯುವ ಒಡೆಯರ ಕೊಳಗ ದೊಡ್ಡದು. ಸ್ವಾತಂತ್ರ್ಯ ಬಂದು ನಾಲ್ಕು ವರ್ಷವಾಗುತ್ತ ಬಂದರೂ ಅಳತೆ ಒಡೆಯರ ಕೈಯಲ್ಲೇ ಉಳಿದಿತ್ತು. ಎಚ್. ಗಣಪತಿಯಪ್ಪನವರು ಸಂಘಟಿಸಿದ್ದ ಈ ರೈತರ ಬೆನ್ನಿಗೆ ಗೋಪಾಲಗೌಡರು ಸಮಾಜವಾದಿ ಪಕ್ಷವನ್ನು ನಿಲ್ಲಿಸಿದರು. ಸತ್ಯಾಗ್ರಹಕ್ಕೆ ಬಂದ ರಾಮಮನೋಹರ ಲೋಹಿಯಾ ಅವರೂ ಬಂಧಿತರಾದರು. ಗೇಣಿದಾರರಿಗೆ ಆಗ ಭೂಮಿಯೇನೂ ದಕ್ಕಲಿಲ್ಲ. ದಕ್ಕಿದ್ದು ಮತದ ಬಲದ ಅರಿವು. 1952ರ ಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರ ಗೋಪಾಲಗೌಡರನ್ನು ವಿಧಾನಸಭೆಗೆ ಕಳುಹಿಸಿತು.

1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಯು. ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಗೆ ಅವರ ಬದುಕು ಪ್ರೇರಣೆಯಾದುದು ಸಾಹಿತ್ಯದ ಓದುಗರಿಗೆ ಗೊತ್ತೇ ಇದೆ. ಆದರೆ ಕಾದಂಬರಿಯ ನಾಯಕನನ್ನೇ ಗೋಪಾಲಗೌಡರೆಂದು ಓದುವುದು ಇಬ್ಬರಿಗೂ ಅನ್ಯಾಯ.

1972ರ ಜೂನ್ 9ರಂದು ಅವರು ತೀರಿಕೊಂಡರು. ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿಸಿದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು.