ತೋಟದಂಗಳದ ಪ್ರಯೋಗಶಾಲೆ: ಡಾ. ಕೋಲ್‌ಮನ್

ಕೆನಡಾ ದೇಶದಲ್ಲಿ 1878ರಲ್ಲಿ ಜನಿಸಿದ ಡಾ. ಲೆಸ್ಲಿ ಕೋಲ್‌ಮನ್ನರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಆಗ ಮಲೆನಾಡಿನ ಅಡಕೆ ಬೆಳೆಗಾರರು ಕೊಳೆರೋಗದಿಂದ ಕಂಗೆಟ್ಟಿದ್ದರು. ಮಳೆಗಾಲದಲ್ಲಿ ಎಳೆಗಾಯಿಗಳು ಕೊಳೆತುದುರಿ ವರ್ಷದ ಅನ್ನವೇ ಮಣ್ಣುಪಾಲಾಗುತ್ತಿತ್ತು. ಗೊನೆಗಳಿಗೆ ಕೊಟ್ಟೆ ಕಟ್ಟುವುದು ರೈತರ ಉಪಾಯವಾಗಿತ್ತು. ರೋಗಕ್ಕೆ ಶಿಲೀಂಧ್ರವೇ ಕಾರಣವೆಂದು 1910ರಲ್ಲಿ ವಿವರಿಸಿದ ಕೋಲ್‌ಮನ್ನರು ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದರು.

ಇದು ಅಂಗಡಿಯ ಔಷಧವಲ್ಲ, ರೈತನು ತಾನೇ ಸಿದ್ಧಪಡಿಸುವಂಥದು. ನೂರು ಲೀಟರ್ ನೀರಿಗೆ ಮೈಲುತುತ್ತ, ಸುಣ್ಣ ಒಂದೊಂದು ಕಿಲೋ. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಬೇಕು. ಅದ್ದಿದ ಕಬ್ಬಿಣದ ಚೂರಿಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದೆಂದರ್ಥ. ಅಕ್ಷರವರಿಯದವನೂ ಮಾಡಬಲ್ಲ ಪರೀಕ್ಷೆಯಿದು! ನಮ್ಮ ಹೊಳಲ್ಕೆರೆ, ಹೊಸದುರ್ಗಗಳ ತೋಟದವರಿಗೂ ಈ ದ್ರಾವಣ ಅಪರಿಚಿತವಲ್ಲ.

ಹೆಬ್ಬಾಳದ ಕೃಷಿಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನ ಕೇಂದ್ರಗಳೂ ಅವರ ಕಾಲದವು. 1954ರಲ್ಲಿ ಅವರು ದಿವಂಗತರಾದರು.