ಅಳತೆಗೆ ಸಿಗದವರ ದರ್ಜಿ

ನಾನು ಮುದಗಲ್ಲಿನವನೆಂದು ತಿಳಿದೊಡನೆ ಇತಿಹಾಸದ ವಿದ್ಯಾರ್ಥಿಗಳು ಕೇಳುವುದು ಕೋಟೆಯ ಮಾತನ್ನಲ್ಲ, ಅಕ್ಕಸಾಲಿಗನ ಮಗಳ ಮಾತನ್ನು. 1406ರಲ್ಲಿ ವಿಜಯನಗರದ ಒಂದನೆಯ ದೇವರಾಯನಿಗೂ ಬಹಮನಿ ಸುಲ್ತಾನ ಫಿರೋಜ್ ಷಹನಿಗೂ ನಡೆದ ಯುದ್ಧಕ್ಕೆ ಆ ಕನ್ಯೆಯ ಚೆಲುವೇ ಕಾರಣವೆಂದು ಪಾರಸಿ ಇತಿಹಾಸಕಾರ ಫರಿಷ್ತಾ ಬರೆದಿಟ್ಟಿದ್ದಾನೆ. ಚೆಲುವೆಯರನ್ನು ನೆನೆಯುವುದು ಚರಿತ್ರೆಗೆ ಸುಲಭ. ಮೈಗೊಪ್ಪುವ ಉಡುಪು ಸಿಗದೆ ಅಂಗಡಿಯಿಂದ ತಲೆತಗ್ಗಿಸಿ ಮರಳುವ ಸ್ಥೂಲಕಾಯದ ಹೆಂಗಸರನ್ನು ನೆನೆದವರು ವಿರಳ. ಅವರನ್ನು ನೆನೆದ ಬೇರೊಬ್ಬಳ ಜೀವನವನ್ನು ಇಲ್ಲಿ ಹೇಳಬಯಸುತ್ತೇನೆ. ಈಕೆಯೂ ಒಡವೆಯ ವ್ಯಾಪಾರಿಯೊಬ್ಬನ ಮನೆಯವಳು. ಆದರೆ ದೂರದ ನ್ಯೂಯಾರ್ಕ್ ನಗರದವಳು. ಹೆಸರು ಲೀನಾ ಬ್ರಯಾಂಟ್.

ಲೀನಾ ಹುಟ್ಟಿದ್ದು 1870ರ ದಶಕದ ಕೊನೆಯಲ್ಲಿ, ಅಂದು ರಷ್ಯದ ಆಳ್ವಿಕೆಯಲ್ಲಿದ್ದ ಲಿಥುವೇನಿಯದ ಒಂದು ಯಹೂದಿ ಕುಟುಂಬದಲ್ಲಿ. ಹೆತ್ತ ತಾಯಿ ಕೆಲವೇ ದಿನಗಳಲ್ಲಿ ತೀರಿಕೊಂಡಳು; ಕೂಸನ್ನು ಅಜ್ಜ ಅಜ್ಜಿಯರು ಸಾಕಿದರು. 1895ರಲ್ಲಿ, ಇನ್ನೂ ಹದಿಹರೆಯದಲ್ಲಿಯೇ, ಬಂಧುಗಳೊಡನೆ ಅಮೆರಿಕಕ್ಕೆ ಬಂದಳು. ಕರೆತಂದವರ ಮನಸ್ಸಿನಲ್ಲಿದ್ದುದು ತಮ್ಮ ಮಗನಿಗೆ ಈಕೆಯನ್ನು ತಂದುಕೊಳ್ಳುವ ಯೋಚನೆ. ಹುಡುಗಿ ಅದಕ್ಕೊಪ್ಪದೆ ಅಕ್ಕನ ಮನೆ ಸೇರಿ, ಒಳ ಉಡುಪು ಹೊಲಿಯುವ ಕಾರ್ಖಾನೆಯಲ್ಲಿ ವಾರಕ್ಕೆ 1 ಡಾಲರಿನ ಕೂಲಿಗೆ ನಿಂತಳು. ನಾಲ್ಕು ವರ್ಷಗಳಲ್ಲಿ ಆ ಕೂಲಿ 15 ಡಾಲರಿಗೆ ಏರಿತು.

1899ರಲ್ಲಿ ಡೇವಿಡ್ ಬ್ರಯಾಂಟ್ ಎಂಬ ಒಡವೆಯ ವ್ಯಾಪಾರಿಯ ಕೈಹಿಡಿದಳು. ಮಗ ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ಗಂಡ ಕ್ಷಯರೋಗಕ್ಕೆ ತುತ್ತಾದ. ಅವನ ನೆನಪಿಗೆ ಉಳಿದುದು ಒಂದು ಜೊತೆ ವಜ್ರದ ಓಲೆ. ಆಕೆ ಅದನ್ನು ಒತ್ತೆಯಿಟ್ಟು ಸಿಂಗರ್ ಹೊಲಿಗೆ ಯಂತ್ರವನ್ನು ತಂದಳು. 1904ರಲ್ಲಿ ಐದನೆಯ ಅವೆನ್ಯೂವಿನಲ್ಲಿ ಅಂಗಡಿ ಹಿಡಿದು ಬ್ಯಾಂಕಿನ ಖಾತೆ ತೆರೆಯುವಾಗ ಕಾಗದದ ಮೇಲೆ ರೋಮನ್ ಅಕ್ಷರಗಳೆರಡು ಸ್ಥಾನ ಬದಲಿಸಿ, ಲೀನಾ ಎಂಬುದು ಲೇನ್ ಎಂದಾಯಿತು. ಸಂಕೋಚದಿಂದ ತಿದ್ದದೆ ಬಿಟ್ಟ ಆ ತಪ್ಪೇ ಅಂಗಡಿಯ ಹೆಸರಾಗಿ ನಿಂತಿತು: ಲೇನ್ ಬ್ರಯಾಂಟ್.

ಮೊದಲು ಆಕೆಗೆ ಹೆಸರು ತಂದದ್ದು ಬಸುರಿಯರ ಉಡುಪು. ಬಸುರಿನಲ್ಲಿಯೂ ನಾಲ್ಕು ಜನರ ಮುಂದೆ ತೊಟ್ಟು ನಿಲ್ಲುವಂಥದು ಬೇಕೆಂದು ಗಿರಾಕಿಯೊಬ್ಬಳು ಕೇಳಿದಾಗ, ರವಿಕೆಯ ಭಾಗಕ್ಕೆ ಹಿಗ್ಗುವ ಪಟ್ಟಿಯಿಂದ ನೆರಿಗೆಯ ಲಂಗವನ್ನು ಕೂಡಿಸಿ ಹೊಲಿದುಕೊಟ್ಟಳು. ಬಸುರನ್ನು ಬಾಯಿಬಿಟ್ಟು ಹೇಳುವುದೇ ಅಸಭ್ಯವೆಂದು ಬಗೆದಿದ್ದ ಪತ್ರಿಕೆಗಳು ಆ ಉಡುಪಿನ ಜಾಹೀರಾತನ್ನು ನಿರಾಕರಿಸುತ್ತ ಬಂದವು. 1911ರಲ್ಲಿ ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆ ಒಪ್ಪಿ ಅಚ್ಚುಹಾಕಿದಾಗ, ಅಂಗಡಿಯ ಸರಕೆಲ್ಲ ಒಂದೇ ದಿನದಲ್ಲಿ ತೀರಿತು. ಬೇಡಿಕೆ ಇರಲಿಲ್ಲವೆಂಬುದು ಸುಳ್ಳೆಂದು ಹೀಗೆ ಬಯಲಾಯಿತು. ಇಲ್ಲದಿದ್ದುದು ಕೇಳುವವರ ಕಿವಿ.

ಅಷ್ಟರಲ್ಲಿ, 1909ರಲ್ಲಿ, ಆಕೆ ಆಲ್ಬರ್ಟ್ ಮಾಲ್ಸಿನ್ ಎಂಬ ಇಂಜಿನಿಯರನನ್ನು ಮದುವೆಯಾಗಿದ್ದಳು. ದಂಪತಿಗಳ ದೃಷ್ಟಿ ಇನ್ನೊಂದು ಗುಂಪಿನ ಮೇಲೆ ಬಿದ್ದಿತು. ಅಂದಿನ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ 36 ಅಂಗುಲದ ಎದೆಯಳತೆಯೇ ಪರಿಪೂರ್ಣತೆಯ ಗುರುತು. ಅದನ್ನು ಬಹಳ ಮೀರಿದವಳಿಗೆ ಅಂಗಡಿಯಲ್ಲಿ ಜಾಗವಿಲ್ಲ. ಸಣ್ಣ ನಕ್ಷೆಯನ್ನೇ ಎಲ್ಲ ಕಡೆಗೂ ಸಮನಾಗಿ ಹಿಗ್ಗಿಸಿದರೆ ಸೊಂಟಕ್ಕೆ ಒಪ್ಪಿದ್ದು ಹೆಗಲಿನಿಂದ ಜಾರುತ್ತದೆ; ಮೈ ಬೆಳೆದಷ್ಟೇ ಪ್ರಮಾಣದಲ್ಲಿ ತೋಳಿನ ಉದ್ದ ಬೆಳೆಯುವುದಿಲ್ಲ. ಹೊಸ ನಕ್ಷೆಗೆ ಶ್ರಮ ಬೇಕು, ಬಟ್ಟೆಯೂ ಹೆಚ್ಚು ಬೇಕು. ಆ ಶ್ರಮವನ್ನು ತಪ್ಪಿಸಿಕೊಂಡ ಉದ್ಯಮವು ತಪ್ಪನ್ನು ಹೆಂಗಸಿನ ಮೈಮೇಲೆ ಹೊರಿಸಿ ಸುಮ್ಮನಾಗಿತ್ತು.

ಮಾಲ್ಸಿನ್ ದಂಪತಿಗಳು ಅಳೆಯಲು ತೊಡಗಿದರು. ತಮ್ಮ ಗಿರಾಕಿಗಳಲ್ಲಿ 4,500 ಮಂದಿಯ ಮೈಯಳತೆ ತೆಗೆದರು. ವಿಮಾ ಸಂಸ್ಥೆಯೊಂದರ ಬಳಿಯಿದ್ದ ಸುಮಾರು 2,00,000 ಸ್ತ್ರೀಯರ ಅಂಕಿಗಳನ್ನು ಅದರೊಡನೆ ಇಟ್ಟು ನೋಡಿದರು. ದಪ್ಪಗಿರುವವರೆಲ್ಲ ಒಂದೇ ಬಗೆಯವರಲ್ಲ, ಅವರಲ್ಲಿಯೂ ಮೂರು ಮಾದರಿಗಳುಂಟು ಎಂದು ಕಂಡುಕೊಂಡು, ಒಂದೊಂದಕ್ಕೂ ಬೇರೆ ಬೇರೆ ನಕ್ಷೆ ಕತ್ತರಿಸಿದರು. 1923ರ ಹೊತ್ತಿಗೆ ಸಂಸ್ಥೆಯ ಮಾರಾಟ 50 ಲಕ್ಷ ಡಾಲರಿಗೆ ಮುಟ್ಟಿತು. ಸ್ಥೂಲಕಾಯರ ಉಡುಪು ಬಸುರಿಯರ ಉಡುಪನ್ನು ಹಿಂದಿಕ್ಕಿತು. ಅದೇ ವರ್ಷ ಮಾಲ್ಸಿನ್ ತೀರಿಕೊಂಡ.

ಈ ಅಳತೆಯ ಕೆಲಸವನ್ನು ನಾನು ದೊಡ್ಡದೆಂದು ಬಗೆಯುವುದಕ್ಕೆ ಕಾರಣ ನಮ್ಮ ಸೀಮೆಯಲ್ಲಿಯೇ ಇದೆ. ಮುದಗಲ್ಲಿಗೆ ಹತ್ತಿರದ ಇಳಕಲ್ಲಿನ ಮಗ್ಗದಿಂದ ಬರುವ ಸೀರೆ ಯಾರ ಮೈಯನ್ನೂ ಪ್ರಶ್ನಿಸುವುದಿಲ್ಲ. ಆರು ಗಜದ್ದೂ ಉಂಟು, ಎಂಟು ಒಂಬತ್ತು ಗಜದ್ದೂ ಉಂಟು. ನೆರಿಗೆಯನ್ನು ಹೆಚ್ಚಿಸುವುದೂ ತಗ್ಗಿಸುವುದೂ ಉಟ್ಟವಳ ಕೈಯಲ್ಲಿದೆ. ಗುಳೇದಗುಡ್ಡದ ಖಣ ಕುಪ್ಪಸವಾಗುವುದು ದರ್ಜಿ ಒಬ್ಬೊಬ್ಬಳನ್ನೂ ಅಳೆದ ಮೇಲೆಯೇ. ಸಿದ್ಧ ಉಡುಪು ಬಂದ ಮೇಲೆ ಈ ಕ್ರಮ ತಿರುವುಮುರುವಾಯಿತು: ಬಟ್ಟೆ ಮೈಗೆ ಹೊಂದುವ ಬದಲು ಮೈ ಬಟ್ಟೆಗೆ ಹೊಂದಬೇಕಾಯಿತು. ಅಂಗಡಿಯೊಂದರಲ್ಲಿ ನನ್ನ ಬಂಧುವಾದ ಹುಡುಗಿಗೆ, ಕಾಲೇಜಿಗೆ ತೊಡಲು ಕೇಳಿದ ಉಡುಪು ಅವಳ ಅಳತೆಯಲ್ಲಿ ಬರುವುದೇ ಇಲ್ಲವೆಂಬ ಉತ್ತರ ಸಿಕ್ಕಿತು. ಅವಳು ಅಂಗಡಿಯನ್ನು ಬಯ್ಯಲಿಲ್ಲ. ಅಂದಿನಿಂದ ರಾತ್ರಿಯ ಊಟವನ್ನು ಬಿಟ್ಟಳು. ವ್ಯಾಪಾರದ ಉದಾಸೀನತೆ ಹಸಿವೆಯಾಗಿ ಒಳಹೊಗುವುದೆಂದರೆ ಹೀಗೆ. ಭಾರತೀಯರ ಮೈಗೆ ಒಪ್ಪುವ ಅಳತೆಪಟ್ಟಿಗಾಗಿ ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ 25,000 ಜನರನ್ನು ಅಳೆಯುವ ಯೋಜನೆಯನ್ನು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಕೈಗೊಂಡದ್ದು ಈ ಶತಮಾನದಲ್ಲಿ, ಲೀನಾಳ ಅಳತೆಪಟ್ಟಿಗೆ ಸುಮಾರು ನೂರು ವರ್ಷ ತಡವಾಗಿ.

ಲೀನಾಳನ್ನು ದೇವತೆಯಾಗಿಸುವ ಅಗತ್ಯವಿಲ್ಲ. ಆಕೆ ವ್ಯಾಪಾರಿ. ಆಕೆಯ ಸಂಸ್ಥೆಯ ಜಾಹೀರಾತುಗಳೂ ದಪ್ಪಗಿರುವವರನ್ನು ತೆಳ್ಳಗೆ ತೋರಿಸುವ ಆಸೆಯನ್ನೇ ಒಡ್ಡುತ್ತಿದ್ದವು. ಇದ್ದ ಮೈಯನ್ನು ಇದ್ದಂತೆ ಗೌರವಿಸುವ ಮಾತು ಅಲ್ಲಿ ಕಡಿಮೆ. ಆದರೂ ಸಂಸ್ಥೆಯ ನಡತೆಯಲ್ಲಿ ಒಂದು ಅಂತಃಕರಣವಿತ್ತು. ನೌಕರರಿಗೆ ಲಾಭದ ಪಾಲೂ ವಿಶ್ರಾಂತಿವೇತನವೂ ದೊರೆಯುತ್ತಿದ್ದವು. 1947ರಲ್ಲಿ ಟೆಕ್ಸಸ್ ಸಿಟಿಯ ಭೀಕರ ಸ್ಫೋಟದಲ್ಲಿ ಮನೆಮಾರು ಕಳೆದುಕೊಂಡವರಲ್ಲಿ 58 ಮಂದಿ ಅಂಚೆಯ ಮೂಲಕ ಉಡುಪು ತರಿಸುತ್ತಿದ್ದ ಗಿರಾಕಿಗಳು. ಅವರಿಗೆಲ್ಲ ಸಂಸ್ಥೆ ಬೆಲೆಯಿಲ್ಲದೆ ಹೊಸ ಉಡುಪುಗಳನ್ನು ಒದಗಿಸಿತು. ಅಳತೆಗಳು ಕಡತದಲ್ಲಿದ್ದವರು ಕಷ್ಟಕಾಲದಲ್ಲಿ ಮರೆತುಹೋಗಲಿಲ್ಲ.

1951ರ ಸೆಪ್ಟೆಂಬರಿನಲ್ಲಿ ಲೀನಾ ತೀರಿಕೊಂಡಳು. 1982ರಲ್ಲಿ ಸಂಸ್ಥೆ ಬೇರೆಯವರ ಕೈಸೇರಿತು. ಬ್ಯಾಂಕಿನ ಕಾಗದದ ಆ ತಪ್ಪು ಹೆಸರು ಮಾತ್ರ ಅಂಗಡಿಗಳ ಮೇಲೆ ಉಳಿದುಬಂದಿತು. ನಮ್ಮ ಪೇಟೆಯ ಸಿದ್ಧ ಉಡುಪಿನವರು ಆಕೆಯಿಂದ ಕಲಿಯಬೇಕಾದ ಪಾಠ ದಾನದ್ದಲ್ಲ, ದರ್ಜಿಯದು: ಇಲ್ಲವೆನ್ನುವ ಮೊದಲು ಅಳತೆಪಟ್ಟಿಯನ್ನು ಕೈಗೆತ್ತಿಕೊಳ್ಳುವುದು.