ಲಿಯೋ ಬರ್ಗರ್: ಒಂದು ರೋಗನಾಮದ ಹಿಂದಿನ ಬದುಕು

ರೋಗವೊಂದಕ್ಕೆ ವೈದ್ಯರೊಬ್ಬರ ಹೆಸರು ಅಂಟಿಕೊಂಡಮೇಲೆ ಹೆಸರು ಉಳಿದು ಬದುಕು ಮರೆಯಾಗುವುದು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಂಡುಬರುವ ಸಂಗತಿ. ಬರ್ಗರ್ ಕಾಯಿಲೆ ಎಂಬ ಮಾತನ್ನು ದಕ್ಷಿಣ ಭಾರತದ ದೊಡ್ಡ ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ವಿಭಾಗಗಳಲ್ಲಿ ಕೇಳದವರಿಲ್ಲ. ಬರ್ಗರ್ ಯಾರೆಂದು ಬಲ್ಲವರು ವಿರಳ. ಮರೀನಾ ಕಡಲತೀರದ ನಮ್ಮ ವಿಭಾಗದಿಂದ ಪಾರ್ಕ್ ಟೌನಿನ ಸರ್ಕಾರಿ ಜನರಲ್ ಆಸ್ಪತ್ರೆಗೆ ಕೆಲವೇ ಕಿಲೋಮೀಟರುಗಳ ದಾರಿ. ಇಷ್ಟು ಹತ್ತಿರದಲ್ಲಿ ಪ್ರತಿದಿನವೂ ಬಳಕೆಯಾಗುವ ಹೆಸರೊಂದರ ಹಿಂದಿನ ಮನುಷ್ಯನನ್ನು ಕನ್ನಡ ಓದುಗರಿಗೆ ಪರಿಚಯಿಸುವುದು ಅನುಚಿತವಾಗಲಾರದು.

ಮೊದಲು ರೋಗದ ಸ್ವರೂಪವನ್ನು ತಿಳಿಯಬೇಕು. ಸಾಮಾನ್ಯವಾಗಿ ನಲವತ್ತೈದು ದಾಟದ ಗಂಡಸು, ಬಹುಕಾಲದಿಂದ ಬೀಡಿಯನ್ನೋ ಸಿಗರೇಟನ್ನೋ ಸೇದುತ್ತ ಬಂದವನು, ನಡೆಯುವಾಗ ಪಾದದ ಅಂಗುಳೋ ಮೀನಖಂಡವೋ ಹಿಡಿದುಕೊಂಡಂತಾಗಿ ನಿಲ್ಲುತ್ತಾನೆ. ಕೆಲವು ತಿಂಗಳುಗಳಲ್ಲಿ ನಡೆಯದೆ ಕುಳಿತಿದ್ದರೂ ನೋವು ಬಿಡುವುದಿಲ್ಲ. ರಾತ್ರಿ ಮಂಚದಿಂದ ಕಾಲನ್ನು ಇಳಿಬಿಟ್ಟು ನೋವನ್ನು ಸಹಿಸಿಕೊಂಡು ಬೆಳಗು ಮಾಡುತ್ತಾನೆ. ಆಮೇಲೆ ಬೆರಳು ಕಪ್ಪಾಗುತ್ತದೆ, ಹುಣ್ಣು ಮಾಯುವುದಿಲ್ಲ. ಹೃದಯದಿಂದ ಪಾದಕ್ಕೆ ರಕ್ತವನ್ನೊಯ್ಯುವ ಸಣ್ಣ, ಮಧ್ಯಮ ಗಾತ್ರದ ಅಪಧಮನಿಗಳು ಒಳಗಿಂದ ಮುಚ್ಚಿಹೋಗಿರುತ್ತವೆ. ಬೆರಳು, ಪಾದ, ಮೊಣಕಾಲಿನ ಕೆಳಭಾಗ ಎಂದು ಒಂದೊಂದಾಗಿ ಕತ್ತರಿಸಬೇಕಾಗಿ ಬಂದವರುಂಟು. ಕೂಲಿ ಮಾಡಿ ಬದುಕುವ ಕುಟುಂಬದಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ.

ಲಿಯೋ ಬರ್ಗರ್ ಜನಿಸಿದ್ದು 1879ರಲ್ಲಿ, ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ. ಅದೇ ವರ್ಷ ಅದೇ ನಗರದಲ್ಲಿ, ಪ್ರಸಿದ್ಧ ಶಸ್ತ್ರವೈದ್ಯ ಬಿಲ್‌ರೋಟ್ ಅವರ ಶಿಷ್ಯ ಫೆಲಿಕ್ಸ್ ಫಾನ್ ವಿನಿವಾರ್ಟರ್ ಎಂಬುವರು 57 ವಯಸ್ಸಿನ ರೋಗಿಯೊಬ್ಬನ ಕತ್ತರಿಸಿದ ಕಾಲನ್ನು ಪರೀಕ್ಷಿಸಿ, ಮುಚ್ಚಿಹೋದ ರಕ್ತನಾಳಗಳ ವರ್ಣನೆಯನ್ನು ಪ್ರಕಟಿಸಿದರು. ಮುಂದೆ ತನ್ನ ಹೆಸರನ್ನು ಹೊರಲಿದ್ದ ರೋಗದ ಮೊದಲ ವರ್ಣನೆಯೂ ತಾನೂ ಒಂದೇ ವರ್ಷದಲ್ಲಿ ಒಂದೇ ಊರಿನಲ್ಲಿ ಹುಟ್ಟಿದ್ದು ಕಾಕತಾಳೀಯವಷ್ಟೆ. ಮರುವರ್ಷವೇ ಬರ್ಗರ್ ಕುಟುಂಬ ಅಮೆರಿಕಕ್ಕೆ ವಲಸೆ ಹೋಯಿತು. ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಪದವಿ ಪಡೆದ ಬರ್ಗರ್, 1901ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ವೈದ್ಯರಾಗಿ ಹೊರಬಂದರು. ಜರ್ಮನಿಯ ಬ್ರೆಸ್ಲಾವಿನಲ್ಲಿ ಕೆಲಕಾಲ ತರಬೇತಿ ಪಡೆದು ಮರಳಿ, ಮೌಂಟ್ ಸಿನಾಯ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ ರೋಗನಿದಾನ ವಿಭಾಗದಲ್ಲಿ ಕೆಲಸಕ್ಕೆ ತೊಡಗಿದರು.

ಆ ಆಸ್ಪತ್ರೆಗೆ ಬರುತ್ತಿದ್ದವರಲ್ಲಿ ಪೂರ್ವ ಯೂರೋಪಿನಿಂದ ವಲಸೆ ಬಂದ ಬಡ ಯಹೂದಿಗಳ ಸಂಖ್ಯೆ ದೊಡ್ಡದು. ಅವರಲ್ಲಿ ಎಳೆಯ ವಯಸ್ಸಿನಲ್ಲೇ ಕಾಲು ಕೊಳೆತು ಬಂದ ಗಂಡಸರೂ ಇದ್ದರು. ಮುದುಕರ ಅಪಧಮನಿಗಳು ಗಡುಸಾಗಿ ಮುಚ್ಚಿಕೊಳ್ಳುವುದು ಆಗ ತಿಳಿದಿದ್ದ ವಿಷಯ, ಇವರು ಮುದುಕರಲ್ಲ. ಇಲ್ಲಿಯೇ ಬರ್ಗರ್ ಅವರ ವಿದ್ವತ್ತಿನ ಬೆಲೆ ಕಾಣುವುದು. ಕತ್ತರಿಸಿ ತೆಗೆದ ಹನ್ನೊಂದು ಕಾಲುಗಳ ರಕ್ತನಾಳಗಳನ್ನು ಅವರು ಬಿಡಿಸಿ ಪರೀಕ್ಷಿಸಿದರು. ನಾಳದ ಒಳಪದರ ದಪ್ಪವಾಗಿ ಬೆಳೆದು ದಾರಿಯನ್ನು ಮುಚ್ಚುತ್ತದೆ ಎಂಬುದು ವಿನಿವಾರ್ಟರ್ ಅವರ ಅಭಿಪ್ರಾಯವಾಗಿತ್ತು. ಬರ್ಗರ್ ಕಂಡದ್ದು ಬೇರೆ: ದಾರಿಯನ್ನು ತುಂಬಿದ್ದು ಹೆಪ್ಪುಗಟ್ಟಿದ ರಕ್ತ, ಆ ಹೆಪ್ಪಿನ ಸುತ್ತ ಉರಿಯೂತ, ಅಪಧಮನಿಯಷ್ಟೇ ಅಲ್ಲದೆ ಪಕ್ಕದ ಅಭಿಧಮನಿಯೂ ಅದಕ್ಕೆ ಸಿಕ್ಕಿಬಿದ್ದಿದೆ. ಈ ಸಂಶೋಧನೆ 1908ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಅವರು ರೋಗಕ್ಕೆ ಕೊಟ್ಟ ಹೆಸರು ತ್ರಾಂಬೋ-ಆಂಜಿಯೈಟಿಸ್ ಆಬ್ಲಿಟರನ್ಸ್. ಭಾಷೆಯ ಅಧ್ಯಾಪಕನಿಗೆ ಇದನ್ನು ಬಿಡಿಸಿ ನೋಡುವ ಆಸೆ ಸಹಜ. ಹೆಪ್ಪು ಎಂಬ ಗ್ರೀಕ್ ಪದ, ನಾಳ ಎಂಬ ಗ್ರೀಕ್ ಪದ, ಉರಿಯೂತವನ್ನು ಹೇಳುವ ಪ್ರತ್ಯಯ, ಕೊನೆಗೆ ಅಳಿಸಿಹಾಕುವುದು ಎಂಬ ಲ್ಯಾಟಿನ್ ವಿಶೇಷಣ. ಇದು ಕೇವಲ ಅಂಕಿತನಾಮವಲ್ಲ, ಅನ್ವರ್ಥನಾಮ. ವಿನಿವಾರ್ಟರ್ ಅವರೊಡನೆ ಬರ್ಗರ್ ಹೂಡಿದ ವಾದವೆಲ್ಲ ಒಂದು ಸಮಾಸದೊಳಗೆ ಅಡಗಿದೆ. ಲೋಕ ಮಾತ್ರ ಈ ಅನ್ವರ್ಥವನ್ನು ಬಿಟ್ಟು ಅಂಕಿತವನ್ನೇ ಹಿಡಿಯಿತು.

ಬರ್ಗರ್ ಅವರಿಗೆ ಹಣವನ್ನೂ ಹುದ್ದೆಯನ್ನೂ ತಂದದ್ದು ಈ ರೋಗವಲ್ಲ. ಅವರು ಮೂತ್ರಾಂಗಗಳ ಶಸ್ತ್ರವೈದ್ಯರಾಗಿ ಹೆಸರು ಮಾಡಿದರು. ಟಿಲ್ಡನ್ ಬ್ರೌನ್ ರೂಪಿಸಿದ್ದ, ಮೂತ್ರಕೋಶದ ಒಳಭಾಗವನ್ನು ಬೆಳಕು ಬಿಟ್ಟು ನೋಡುವ ನಳಿಗೆಯನ್ನು ಅವರು ಸುಧಾರಿಸಿದರು. ಬ್ರೌನ್-ಬರ್ಗರ್ ಉಪಕರಣ ದಶಕಗಳ ಕಾಲ ಬಳಕೆಯಲ್ಲಿತ್ತು. 1917ರಿಂದ ನ್ಯೂಯಾರ್ಕ್ ಪಾಲಿಕ್ಲಿನಿಕ್ ವೈದ್ಯ ಶಾಲೆಯಲ್ಲಿ ಪ್ರಾಧ್ಯಾಪಕರಾಗಿದ್ದರು. 1913ರಲ್ಲಿ ಪಿಯಾನೋ ಕಲಾವಿದೆ ಜರ್ಮೇನ್ ಷ್ನಿಟ್ಸರ್ ಅವರನ್ನು ಮದುವೆಯಾದರು. ಆ ದಾಂಪತ್ಯ ವಿಚ್ಛೇದನದಲ್ಲಿ ಮುಗಿಯಿತು. ಕೆಲಕಾಲ ಲಾಸ್ ಏಂಜಲಿಸ್‌ಗೆ ಹೋಗಿದ್ದು ಮತ್ತೆ ನ್ಯೂಯಾರ್ಕಿಗೆ ಬಂದರು.

ಆದರೆ ಕಾಲುಗಳ ಚಿಂತೆ ಅವರನ್ನು ಬಿಡಲಿಲ್ಲ. 1924ರಲ್ಲಿ ಕೈಕಾಲುಗಳ ರಕ್ತಸಂಚಾರದ ತೊಂದರೆಗಳನ್ನು ಕುರಿತು ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು. ಮಲಗಿದ ರೋಗಿಯ ಕಾಲನ್ನು ಎತ್ತಿ ಹಿಡಿದು, ಪಾದ ಎಷ್ಟು ಎತ್ತರದಲ್ಲಿ ಬಿಳಿಚಿಕೊಳ್ಳುತ್ತದೆ, ಇಳಿಬಿಟ್ಟಾಗ ಹೇಗೆ ಕೆಂಪೇರುತ್ತದೆ ಎಂದು ನೋಡುವ ಪರೀಕ್ಷೆ ಅವರ ಹೆಸರಿನಲ್ಲಿಯೇ ನಡೆದುಬಂದಿದೆ. ಯಂತ್ರ ಬೇಡ, ಖರ್ಚಿಲ್ಲ. ನಮ್ಮ ವೈದ್ಯ ವಿದ್ಯಾರ್ಥಿಗಳು ಅದನ್ನು ಈಗಲೂ ಕಲಿಯುತ್ತಾರೆ.

ಅವರು ಕಾಣದೆ ಹೋದದ್ದೇನು ಎಂಬುದನ್ನೂ ಹೇಳಬೇಕು. ತಮ್ಮ ಆಸ್ಪತ್ರೆಗೆ ಬಂದವರನ್ನೇ ನೋಡಿ ಇದು ಪೋಲೆಂಡ್ ಮತ್ತು ರಷ್ಯಾ ಮೂಲದ ಯಹೂದಿಗಳ ರೋಗವೆಂದು ಅವರು ಬಗೆದರು. ಬಾಗಿಲಿಗೆ ಬಂದವರು ಜಗತ್ತೆಲ್ಲದರ ಮಾದರಿಯಾಗಲಾರರು. ತಂಬಾಕನ್ನು ಅವರು ಗಮನಿಸದೆ ಇರಲಿಲ್ಲ. ಆದರೆ ಅದನ್ನು ಸಹಕಾರಿ ಕಾರಣವೆಂದು ಬದಿಗಿರಿಸಿ ಯಾವುದೋ ಸೋಂಕೇ ಮೂಲವೆಂಬ ಕಡೆಗೆ ವಾಲಿದರು. ಕತ್ತರಿಸಿದ ಕಾಲಿನೊಳಗಿನದನ್ನು ಅಷ್ಟು ಚೆನ್ನಾಗಿ ಓದಿದ ಕಣ್ಣು, ರೋಗಿಯ ಬೆರಳುಗಳ ನಡುವೆ ಹೊಗೆಯಾಡುತ್ತಿದ್ದುದಕ್ಕೆ ತಕ್ಕ ಬೆಲೆ ಕೊಡಲಿಲ್ಲ. ತಂಬಾಕನ್ನು ಪೂರ್ತಿ ಬಿಟ್ಟವರಲ್ಲಿ ನೂರಕ್ಕೆ 94 ಮಂದಿ ಅಂಗಚ್ಛೇದನದಿಂದ ಪಾರಾದರು, ಬಿಡದವರಲ್ಲಿ ನೂರಕ್ಕೆ 43 ಮಂದಿ ಅಂಗ ಕಳೆದುಕೊಂಡರು ಎಂದು ಅಮೆರಿಕದ ಕ್ಲೀವ್‌ಲ್ಯಾಂಡಿನ ವೈದ್ಯರು ತೋರಿಸಿದ್ದು ಬಹಳ ತಡವಾಗಿ.

ಬರ್ಗರ್ 1943ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಚಿಕಿತ್ಸೆಗಳನ್ನು ಹೋಲಿಸುವ ಪದ್ಧತಿ ಬ್ರಿಟನ್ನಿನ ಕ್ಷಯರೋಗ ಪ್ರಯೋಗದಿಂದ ನೆಲೆಗೊಂಡದ್ದು 1948ರಲ್ಲಿ. ನಮ್ಮ ಚೆನ್ನೈಯಲ್ಲಿಯೇ 1956ರಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಕೇಂದ್ರ, 193 ರೋಗಿಗಳನ್ನು ಹೀಗೆ ಹಂಚಿ, ಮನೆಯಲ್ಲಿ ಕೊಡುವ ಔಷಧ ಆರೋಗ್ಯಧಾಮದ ಚಿಕಿತ್ಸೆಗೆ ಕಡಿಮೆಯಲ್ಲವೆಂದು 1959ರಲ್ಲಿ ತೋರಿಸಿತು. ಬರ್ಗರ್ ಅವರ ಕೈಯಲ್ಲಿ ಇಂಥ ಸಾಧನವಿರಲಿಲ್ಲ.

ಮರಣಾನಂತರ ಅವರ ಹೆಸರೇ ಅಳಿಯುವ ಸ್ಥಿತಿ ಬಂತು. 1960ರಲ್ಲಿ ವೆಸ್ಲರ್ ಮತ್ತು ಸಂಗಡಿಗರು ಬರ್ಗರ್ ಕಾಯಿಲೆ ಎಂಬ ಬೇರೆ ರೋಗವೇ ಇಲ್ಲ, ಅದು ಸಾಮಾನ್ಯ ಅಪಧಮನಿ ಕಾಠಿಣ್ಯವೇ ಎಂದು ವಾದಿಸಿದರು. ಅಮೆರಿಕದಲ್ಲಿ ಅಂಥ ರೋಗಿಗಳು ಆ ವೇಳೆಗೆ ಅಪರೂಪವಾಗಿದ್ದರು. ಮೆಕ್ಯೂಸಿಕ್ ಮತ್ತು ಸಂಗಡಿಗರು ಪೂರ್ವ ಏಷ್ಯಾದ ರೋಗಿಗಳನ್ನು ಅಧ್ಯಯನ ಮಾಡಿ, ರೋಗ ಪ್ರತ್ಯೇಕವಾದದ್ದೇ ಎಂದು 1962ರ ವೇಳೆಗೆ ಸಮರ್ಥಿಸಿದರು. ಒಂದು ಜನಾಂಗದ ರೋಗವೆಂದು ಬರ್ಗರ್ ತಿಳಿದಿದ್ದನ್ನು ಉಳಿಸಿಕೊಟ್ಟವರು ಅವರು ಎಂದೂ ನೋಡದ ದೇಶಗಳ ಬಡವರು. ಭಾರತದಲ್ಲಂತೂ ಅದು ಅಪರೂಪವಾಗಿರಲೇ ಇಲ್ಲ. ದಕ್ಷಿಣ ಕನ್ನಡ, ಕಾಸರಗೋಡುಗಳ ಮನೆಮನೆಯಲ್ಲಿ ಹೆಂಗಸರು ಬೀಡಿ ಕಟ್ಟಿ ಸಂಸಾರ ತೂಗಿಸಿದ್ದಾರೆ. ಆ ಬೀಡಿಯ ಇನ್ನೊಂದು ಲೆಕ್ಕ ಆಸ್ಪತ್ರೆಗಳಲ್ಲಿದೆ.

ಚಿಕಿತ್ಸೆಯ ಪ್ರಯೋಗಗಳು ನಿಧಾನವಾಗಿ ಬಂದವು. 1990ರಲ್ಲಿ ಯೂರೋಪಿನಲ್ಲಿ 152 ರೋಗಿಗಳಿಗೆ ಇಲೋಪ್ರೋಸ್ಟ್ ಅಥವಾ ಆಸ್ಪಿರಿನ್ ಕೊಟ್ಟು ಹೋಲಿಸಿದ ಅಧ್ಯಯನ ಪ್ರಕಟವಾಯಿತು. ಸುಮಾರು ನಾಲ್ಕು ವಾರಗಳಲ್ಲಿ ಮೊದಲನೆಯ ಗುಂಪಿನ ನೂರಕ್ಕೆ 85 ಮಂದಿಗೂ ಎರಡನೆಯದರ 17 ಮಂದಿಗೂ ಗುಣ ಕಂಡಿತು. ಹೋಲಿಕೆಯ ಗುಂಪು ಈ ರೋಗದಲ್ಲಿ ಅನಿವಾರ್ಯ. ಏಕೆಂದರೆ ಆಸ್ಪತ್ರೆ ಸೇರಿದವನು ಬೀಡಿಯನ್ನೂ ಬಿಟ್ಟಿರುತ್ತಾನೆ. ಹುಣ್ಣು ಮಾಯ್ದದ್ದು ಔಷಧದಿಂದಲೋ ಬೀಡಿ ಬಿಟ್ಟದ್ದರಿಂದಲೋ ಬೇರೆ ರೀತಿಯಲ್ಲಿ ತಿಳಿಯದು.

ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ಪ್ರಯತ್ನವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಕಾಂಡಕೋಶಗಳನ್ನು ಮೀನಖಂಡದ ಸ್ನಾಯುವಿಗೆ ಚುಚ್ಚಿ, ಹೊಸ ಸಣ್ಣ ನಾಳಗಳು ಹುಟ್ಟುವಂತೆ ಮಾಡುವುದು ಅದರ ಉದ್ದೇಶ. 20 ರೋಗಿಗಳ ಮೊದಲ ಪ್ರಯೋಗದ ವರದಿ 2013ರಲ್ಲಿ ಬಂತು. ತೀವ್ರ ಬರ್ಗರ್ ಕಾಯಿಲೆಯ 90 ರೋಗಿಗಳ ಎರಡನೆಯ ಹಂತದ ವರದಿ 2017ರದು: 36 ಮಂದಿಗೆ ದೇಹತೂಕದ ಪ್ರತಿ ಕಿಲೋಗೆ ಹತ್ತು ಲಕ್ಷ ಕೋಶ, 36 ಮಂದಿಗೆ ಇಪ್ಪತ್ತು ಲಕ್ಷ, ಉಳಿದ 18 ಮಂದಿಗೆ ರೂಢಿಯ ಚಿಕಿತ್ಸೆ. ಹೆಚ್ಚಿನ ಪ್ರಮಾಣ ಪಡೆದವರಲ್ಲಿ ವಿಶ್ರಾಂತಿಯಲ್ಲಿನ ನೋವು ಇಳಿಯಿತು, ಹುಣ್ಣುಗಳು ಹೆಚ್ಚು ಮಾಯ್ದವು. ಆದರೆ ಇಲ್ಲಿ ಚೀಟಿ ಎತ್ತುವ ಹಂಚಿಕೆ ಇರಲಿಲ್ಲ, ಯಾರಿಗೆ ಏನು ಕೊಟ್ಟರೆಂಬುದೂ ಮರೆಯಾಗಿರಲಿಲ್ಲ. ಆದ್ದರಿಂದ ಫಲಿತಾಂಶವನ್ನು ಅಷ್ಟರಮಟ್ಟಿಗೇ ಸ್ವೀಕರಿಸಬೇಕು. ಭಾರತದ ಔಷಧ ನಿಯಂತ್ರಕರು 2016ರಲ್ಲಿ ಇದಕ್ಕೆ ಸೀಮಿತ ಅನುಮತಿ ನೀಡಿದ್ದರು. ಆ ಅನುಮತಿ ಪತ್ರದಲ್ಲಿ ರೋಗವನ್ನು ಗುರುತಿಸಿರುವುದು ಬರ್ಗರ್ ಅವರ ಹೆಸರಿನಿಂದಲೇ.